ಕೊನೆಯಕ್ಷರ ಮಾತ್ರ ಬರೆದಿದ್ದ ಹಲಗೆ

ನಮ್ಮ ಅಂಗಡಿಯಲ್ಲಿ ಬೋರ್ಡು ಬರೆಯುವುದು ಹಿಂದಿನಿಂದ ಮುಂದಕ್ಕೆ. ಕೊನೆಯ ಅಕ್ಷರ ಮೊದಲು, ಮೊದಲ ಅಕ್ಷರ ಕೊನೆಗೆ. ನನ್ನ ಗಂಡ ಏಣಿ ಹತ್ತಿ, ಅಷ್ಟುದ್ದದ ಖಾಲಿ ಗೋಡೆಯ ಬಲತುದಿಯಲ್ಲಿ ಒಂದೇ ಒಂದು ಅಕ್ಷರ ಬರೆದು ಕೂತಿರುವುದನ್ನು ನೋಡಿ ದಾರಿಹೋಕರು ನಿಲ್ಲುತ್ತಾರೆ. "ಉಳಿದದ್ದೆಲ್ಲಿ ಸ್ವಾಮಿ, ಮಳೆಗೆ ತೊಳೆದುಹೋಯ್ತಾ?" ಎಂದು ಕೇಳಿದವರೂ ಉಂಟು.

ಇದಕ್ಕೆಲ್ಲ ಕಾರಣ ನಮ್ಮ ಮಾವ. ಇಪ್ಪತ್ತರ ವಯಸ್ಸಿನಲ್ಲಿ ಸ್ವತಂತ್ರವಾಗಿ ಬರೆದ ಮೊದಲ ಬೋರ್ಡು ಒಂದು ಬಟ್ಟೆ ಅಂಗಡಿಯದಂತೆ. ಮೊದಲಕ್ಷರವನ್ನು ಆನೆಯ ಹಾಗೆ ಬರೆದರು, ಎರಡನೆಯದನ್ನು ಕುದುರೆಯ ಹಾಗೆ. ಹೀಗೇ ಮೆರವಣಿಗೆ ಸಾಗಿ ಬೋರ್ಡಿನ ಅಂಚು ಬಂದಾಗ ಇನ್ನೂ ಮೂರು ಅಕ್ಷರ ಉಳಿದಿದ್ದವು. ಒಂದನ್ನು ಇರುಕಿಸಿದರು. ಎರಡನ್ನು ಕೆಳಗೆ ಇಳಿಸಿದರು. ಅಂಗಡಿಯವನು ಕೈಕಟ್ಟಿ ನೋಡಿ, "ಕೊನೆಯವೆರಡೂ ಕಾಲು ಜಾರಿ ಬಿದ್ದಿವೆ ಮಾರಾಯ, ಏಣಿ ಹಾಕಿ ಹತ್ತಿಸು" ಎಂದನಂತೆ. ಆ ಬೋರ್ಡು ಇಪ್ಪತ್ತೆರಡು ವರ್ಷ ಅಲ್ಲೇ ನೇತಾಡಿತು. ಇಪ್ಪತ್ತೆರಡು ವರ್ಷವೂ ಮಾವ ಆ ಬೀದಿ ಬಿಟ್ಟು ಸುತ್ತುಬಳಸಿ ಓಡಾಡಿದರು.

ಅವತ್ತಿನಿಂದ ಕಾನೂನು. ಪೆನ್ಸಿಲಿನಲ್ಲಿ ಅಕ್ಷರಕ್ಕೊಂದರಂತೆ ಚೌಕ ಹಾಕಬೇಕು. ಅದಕ್ಕೆ ನಾವು 'ಮನೆ' ಎನ್ನುತ್ತೇವೆ. ಆಮೇಲೆ ಕೊನೆಯ ಮನೆಯಿಂದ ಬಣ್ಣ ತುಂಬಿಸುತ್ತ ಬರಬೇಕು. ಮನೆ ಹಾಕಿದ ಮೇಲೆ ಯಾವ ಕಡೆಯಿಂದ ಬರೆದರೇನು ಎಂದು ನಾನು ಹೊಸದಾಗಿ ಬಂದಾಗ ಕೇಳಿದ್ದೆ. "ಬಾಲ ಸುಟ್ಟುಕೊಂಡ ಬೆಕ್ಕಿನ ಹತ್ರ ಒಲೆ ವಿಚಾರ ವಾದ ಮಾಡಬೇಡ ಕಣೇ" ಎಂದಿದ್ದರು ಅತ್ತೆ.

ಮಾವನದು ಇನ್ನೊಂದು ಕಾನೂನೂ ಇದೆ. ಒಮ್ಮೆ ಬರೆದ ಅಕ್ಷರದ ಮೇಲೆ ಬಣ್ಣ ಬಳಿದು ಮುಚ್ಚಬಾರದು. ತಪ್ಪಾದರೆ ಹೊಸ ಹಲಗೆ, ಸರಿಯಾದರೆ ಪೂರ್ತಿ ಮಾಡು.

ಅಂಗಡಿಯ ಹಿಂದಿನ ಕೋಣೆಯ ಗೋಡೆಯಲ್ಲಿ ಸಾಲಾಗಿ ಗೂಟಗಳಿವೆ. ಬಣ್ಣ ಮೆತ್ತಿದ ಮೇಲಂಗಿಗಳನ್ನು ತೂಗುಹಾಕುವುದಕ್ಕೆ. ಒಂದೊಂದು ಗೂಟದ ಮೇಲೂ ಒಂದೂವರೆ ಗೇಣಿನ ನೀಲಿ ಹಲಗೆ, ಅದರಲ್ಲಿ ಬಿಳಿ ಬಣ್ಣದಲ್ಲಿ ಹೆಸರು. ಮಾವನದು, ಅತ್ತೆಯದು, ಗಂಡನದು, ನನ್ನದು. ನಾನು ಈ ಮನೆಗೆ ಬಂದ ಮರುದಿನವೇ ನನ್ನ ಹಲಗೆ ಏರಿತ್ತು. "ಇನ್ನು ನೀನು ಓಡಿಹೋಗೋ ಹಾಗಿಲ್ಲ, ಬಣ್ಣ ಒಣಗಿಬಿಡ್ತು" ಎಂದಿದ್ದರು ಮಾವ.

ಈ ಕತೆ ಶುರುವಾಗುವಾಗ ಐದನೆಯ ಗೂಟ ಹೊಡೆದು ಎರಡು ವರ್ಷ ನಾಲ್ಕು ತಿಂಗಳಾಗಿತ್ತು. ಅದರ ಮೇಲೆ ಹಲಗೆ ಇರಲಿಲ್ಲ. ಅದಕ್ಕೆ ಯಾರೂ ಏನನ್ನೂ ತೂಗುಹಾಕುತ್ತಲೂ ಇರಲಿಲ್ಲ.

ನಮ್ಮ ಮೊದಲ ಮಗಳು ಹನ್ನೊಂದು ದಿನ ಇದ್ದಳು, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗೆ. ಎಂಟನೆಯ ದಿನ ಡಾಕ್ಟರಮ್ಮ "ಇವತ್ತು ಸ್ವಲ್ಪ ವಾಸಿ" ಎಂದಿದ್ದರು. ಆ ಒಂದು ಮಾತು ಹಿಡಿದುಕೊಂಡು ನನ್ನ ಗಂಡ ಅಂಗಡಿಗೆ ಓಡಿ, ಹಲಗೆ ಕತ್ತರಿಸಿ, ನೀಲಿ ಬಳಿದು, ಮೂರು ಮನೆ ಹಾಕಿ, ಕೊನೆಯ ಮನೆಯಲ್ಲಿ 'ರಾ' ಬರೆದು ಒಣಗಲು ಇಟ್ಟು ಬಂದರು. ಬೇರೆ ಯಾರ ಮನೆಯಲ್ಲಾದರೂ ಆ ಹಲಗೆಯಲ್ಲಿ ಮಗುವಿನ ಹೆಸರಿನ ಮೊದಲಕ್ಷರ ಉಳಿಯುತ್ತಿತ್ತು. ನಮ್ಮಲ್ಲಿ ಕೊನೆಯದು ಉಳಿಯಿತು.

ಆ ಹೆಸರನ್ನು ಆಮೇಲೆ ನಾವು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬಾರದು ಎಂದು ಮಾತಾಡಿಕೊಂಡದ್ದೇನೂ ಅಲ್ಲ.

ಈಗ ಎರಡನೆಯವಳು ಬಂದಿದ್ದಳು. ನಲವತ್ತು ದಿನದ ಕೂಸು, ತೂಕ ಸರಿಯಿತ್ತು, ಅಳುವಿಗೆ ಬೀದಿ ಏಳುತ್ತಿತ್ತು. ಎಲ್ಲರೂ ಅವಳನ್ನು 'ಡಬ್ಬಿ' ಎನ್ನುತ್ತಿದ್ದರು, ಬಣ್ಣದ ಡಬ್ಬಿಯ ಹಾಗೆ ಗುಂಡಗಿದ್ದುದಕ್ಕೆ. ನಾನು ಅವಳಿಗೆ ಗಡಿಯಾರ ನೋಡಿ ಹಾಲು ಕೊಡುತ್ತಿದ್ದೆ, ಬಟ್ಟೆ ಬದಲಿಸುತ್ತಿದ್ದೆ, ಬೆನ್ನು ತಟ್ಟುತ್ತಿದ್ದೆ. ಒಂದೂ ತಪ್ಪುತ್ತಿರಲಿಲ್ಲ. ಟರ್ಪೆಂಟೈನಿನಲ್ಲಿ ಬಹಳ ಹೊತ್ತು ಬ್ರಶ್ಶು ತೊಳೆದರೆ ಬೆರಳ ತುದಿ ಒಂಥರಾ ಆಗುತ್ತದೆ. ಲೋಟ ಹಿಡಿದಿರುತ್ತೇವೆ, ಹಿಡಿದದ್ದು ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಗೊತ್ತಾಗುವುದಿಲ್ಲ. ಮಗುವನ್ನು ಎತ್ತಿಕೊಂಡರೆ ನನಗೆ ಹಾಗೇ. "ಸುಸ್ತು ಕಣೇ, ಹೋಗುತ್ತೆ" ಎನ್ನುತ್ತಿದ್ದರು ಅತ್ತೆ. ನಾನೂ ಹೂಂ ಎನ್ನುತ್ತಿದ್ದೆ.

ಮಗು ಹುಟ್ಟಿದ ನಲವತ್ತೈದು ದಿನದೊಳಗೆ ಹೆಸರು ಬರೆಸಬೇಕು, ಇಲ್ಲದಿದ್ದರೆ ಮತ್ತೆ ಅರ್ಜಿ, ಸಾಕ್ಷಿ, ಅಲೆದಾಟ ಎಂದು ನೋಂದಣಿ ಕಚೇರಿಯಿಂದ ಕಾಗದ ಬಂದಿತ್ತು. ಶನಿವಾರ, ಭಾನುವಾರ ಕಚೇರಿಗೆ ರಜೆ, ಹಾಗಾಗಿ ಶುಕ್ರವಾರವೇ ಕಡೇ ದಿನ. ಮಂಗಳವಾರ ಮಧ್ಯಾಹ್ನ ಅತ್ತೆ ಕಪಾಟು ಒರೆಸುವ ನೆಪದಲ್ಲಿ ಡಬ್ಬಿಗಳ ಹಿಂದೆ ಕೈಹಾಕಿ ಆ ಹಲಗೆಯನ್ನು ತೆಗೆದರು. ಅದು ಅಲ್ಲಿರುವುದು ನಮ್ಮ ನಾಲ್ವರಿಗೂ ಗೊತ್ತಿತ್ತು. ಸೆರಗಿನಲ್ಲಿ ಧೂಳೊರೆಸಿ ಮೇಜಿನ ಮೇಲಿಟ್ಟರು.

"ನೋಡ್ರಪ್ಪಾ, ಒಂದಕ್ಷರ ಬರೆದು ಬಿಟ್ಟ ಹಲಗೆ ಹೀಗೆ ಎಷ್ಟು ದಿನ ಅಂತ ಮೂಲೇಲಿ ಇರೋದು? ಡಬ್ಬಿಗೆ 'ರಾ'ದಲ್ಲಿ ಮುಗಿಯೋ ಹೆಸರೇ ಇಡೋಣ. ಹಲಗೆಗೂ ಒಂದು ಗತಿ ಆಗುತ್ತೆ, ಗೂಟಕ್ಕೂ ಒಂದು ಗತಿ ಆಗುತ್ತೆ."

ಮಾವ ಕನ್ನಡಕ ಹಣೆಗೇರಿಸಿ ಹಲಗೆ ನೋಡಿದರು. "ಬರೆದದ್ದನ್ನ ಮುಚ್ಚೋ ಹಾಗಂತೂ ಇಲ್ಲ. ಪೂರ್ತಿ ಮಾಡೋದು ಒಳ್ಳೇದೇ" ಎಂದರು.

ನನ್ನ ಗಂಡ ಬ್ರಶ್ಶಿನ ಕೂದಲು ಎಣಿಸುವವರ ಹಾಗೆ ಅದನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ನೀನೇನಂತೀಯಾ?" ಎಂದರು.

"ಯಾವುದಾದರೂ ಆಗಲಿ" ಎಂದೆ.

ಬೇಡ ಎನ್ನಬೇಕು ಎಂದು ನನಗೆ ಗೊತ್ತಿತ್ತು. ಆ ಅಕ್ಷರ ಅವಳದು, ಅವಳದು ಎಂದು ಈ ಲೋಕದಲ್ಲಿ ಉಳಿದಿರುವುದು ಅದೊಂದೇ, ಅದನ್ನೂ ಕಿತ್ತು ತಂಗಿಗೆ ಕೊಟ್ಟರೆ ಅವಳು ಬಂದೇ ಇರಲಿಲ್ಲ ಎಂದಂತಾಗುತ್ತದೆ ಎಂದೂ ಗೊತ್ತಿತ್ತು. ಎಲ್ಲ ಗೊತ್ತಿತ್ತು, ಕಾಗದದಲ್ಲಿ ಓದಿದ ಹಾಗೆ. ಆದರೆ ಬೇಡ ಎನ್ನುವುದಕ್ಕೆ ಒಳಗಿನಿಂದ ಒಂದು ನೂಕು ಬರಬೇಕಲ್ಲ, ಅದು ಬರಲಿಲ್ಲ.

ಸರಿ, ಶುರುವಾಯಿತು. ಎದುರಂಗಡಿಯಲ್ಲಿ ಬೀಗ ರಿಪೇರಿ ಮಾಡುವ ಬೀಗದಣ್ಣನೂ ಗಿರಾಕಿಯಿಲ್ಲದೆ ಬಂದು ಸ್ಟೂಲಿನ ಮೇಲೆ ಕೂತ.

"ಮೀರಾ" ಎಂದರು ಅತ್ತೆ.

"ನಮ್ಮ ಹಿಂದಿನ ಬೀದಿಯ ಇಸ್ತ್ರಿಯವನ ಮಗಳು ಮೀರಾ. ಕೂಗಿದ್ರೆ ಇಬ್ರೂ ಬರ್ತಾರೆ" ಎಂದರು ಮಾವ.

"ಸಾರಾ."

"ಅದು ನಿನ್ನ ಹಲ್ಲಿನ ಡಾಕ್ಟರ ಹೆಸರು. ಹೆಸರು ಕೇಳಿದ್ರೇ ನಿನಗೆ ದವಡೆ ನೋವು ಬರುತ್ತೆ."

"ನೀವೊಂದೂ ಹೇಳಬೇಡಿ, ನಾನು ಹೇಳಿದ್ದಕ್ಕೆಲ್ಲ ಕೊಕ್ಕೆ ಹಾಕಿ!"

"ಪಹರಾ ಅಂತಿಡಿ" ಎಂದ ಬೀಗದಣ್ಣ. "ಮನೆಗೆ ಬೀಗಾನೇ ಬೇಡ."

"ನಿನ್ನ ಹೊಟ್ಟೆ ಮೇಲೆ ನೀನೇ ಕಲ್ಲು ಹಾಕ್ಕೋತೀಯಲ್ಲೋ" ಎಂದು ಅತ್ತೆ ನಕ್ಕರು. "ಹೆಣ್ಣುಕೂಸಿಗೆ ಯಾರಾದ್ರೂ ಪಹರಾ ಅಂತ ಇಡ್ತಾರಾ?"

"ರಾ ಅಂತ ಮುಗೀಬೇಕು ಅಂದ್ರಿ, ಮುಗಿಸ್ದೆ. ಮಿಕ್ಕಿದ್ದು ನನ್ನ ಕೆಲಸ ಅಲ್ಲ."

ಅವರ ಮಾತು ಕೇಳುವುದು ನನಗೆ ಯಾವಾಗಲೂ ಇಷ್ಟ. ಅವತ್ತೂ ಕೇಳಿಸಿಕೊಂಡೆ. ಯಾರು ಯಾವ ಮಾತಿಗೆ ನಕ್ಕರು, ಯಾರ ಕಾಲು ಸ್ಟೂಲಿನ ಸಂದಿನಲ್ಲಿ ಆಡುತ್ತಿತ್ತು, ಎಲ್ಲ ನೆನಪಿದೆ. ಮಗು ನನ್ನ ತೊಡೆಯ ಮೇಲೆ ಮಲಗಿತ್ತು. ಅದರ ಬಾಯಂಚಿನ ಹಾಲು ಒರೆಸಿದೆ.

ಕೊನೆಗೆ ಅತ್ತೆ 'ತಾರಾ' ಎಂದರು. ಮಾವನಿಗೆ ಅದರಲ್ಲಿ ಕೊಕ್ಕೆ ಹಾಕುವಂಥದ್ದೇನೂ ಸಿಗಲಿಲ್ಲ. "ಬರೆಯೋದಕ್ಕೂ ಸುಲಭ" ಎಂದರು.

"ಏನಂತೀಯಾ?" ಎಂದರು ಗಂಡ.

"ಆಗಲಿ" ಎಂದೆ.

ಮರುದಿನ ಬೆಳಗ್ಗೆ ಅವರು ಹಲಗೆಯನ್ನು ಕಿಟಕಿಯ ಹತ್ತಿರ ಇಟ್ಟುಕೊಂಡು ಕೂತರು. ನಾನು ಪಕ್ಕದಲ್ಲೇ ಡಬ್ಬಿಗಳ ಮುಚ್ಚಳ ಕೆರೆಯುತ್ತಿದ್ದೆ. ಎರಡು ವರ್ಷದ ಹಿಂದಿನ ಪೆನ್ಸಿಲ್ ಗೆರೆಗಳು ನೀಲಿಯ ಮೇಲೆ ಹಾಗೇ ಇದ್ದವು. 'ರಾ' ಕೂತಿದ್ದ ಮನೆ, ಅದರ ಎಡಕ್ಕೆ ಇನ್ನೆರಡು ಖಾಲಿ ಮನೆ.

"ತಾರಾ ಬರೆದರೆ ಒಂದು ಮನೆ ಖಾಲಿ ಉಳಿಯುತ್ತೆ ಅಪ್ಪಾ" ಎಂದರು.

ಮಾವ ಒಳಗಿನಿಂದಲೇ, "ಮೊದಲಿಗೆ ಒಂದು ಹೂವು ಬರಿ. ಖಾಲಿ ಜಾಗಕ್ಕೆ ಹೂವು, ಅದೇನು ಹೊಸದಾ?" ಎಂದರು.

ಅದು ನಮ್ಮ ಕಸುಬಿನ ಮಾತು. ಎಣಿಕೆ ತಪ್ಪಿದ ಕಡೆಯಲ್ಲೆಲ್ಲ ನಾವು ಹೂವು ಬರೆಯುತ್ತೇವೆ. ಈ ಊರಿನ ಎಷ್ಟೋ ಅಂಗಡಿಯವರು ತಮ್ಮ ಬೋರ್ಡಿನಲ್ಲಿ ಹೂವಿದೆ ಎಂದು ಹಿಗ್ಗುತ್ತಾರೆ, ಅದು ತಪ್ಪಿದ ಲೆಕ್ಕ ಎಂದು ಅವರಿಗೆ ಗೊತ್ತಿಲ್ಲ.

ಗಂಡ ರಬ್ಬರು ತೆಗೆದುಕೊಂಡು ಮೊದಲ ಮನೆಯ ಗೆರೆ ಅಳಿಸಲು ಬಗ್ಗಿದರು. ಬಗ್ಗಿದವರು ಅಳಿಸಲಿಲ್ಲ. ಗೆರೆಯ ಮೇಲೆ ಧೂಳಿದೆಯೇನೋ ಎಂಬಂತೆ ಊದಿದರು. ಮತ್ತೆ ಊದಿದರು. ಆಮೇಲೆ ರಬ್ಬರನ್ನು ಜೇಬಿಗೆ ಹಾಕಿಕೊಂಡು, "ಕಚೇರೀಲಿ ಬರೆಸಿಕೊಂಡು ಬಂದಮೇಲೆ ಮಾಡ್ತೀನಿ" ಎಂದು ಎದ್ದರು. ಅವರು ನನ್ನ ಮುಖ ನೋಡಲಿಲ್ಲ. ನಾನು ಮುಚ್ಚಳ ಕೆರೆಯುತ್ತಲೇ ಇದ್ದೆ.

ಗುರುವಾರ ಬೆಳಗ್ಗೆ ನಾನು, ಗಂಡ, ಮಗು ಮೂವರೂ ನೋಂದಣಿ ಕಚೇರಿಗೆ ಹೋದೆವು. ಉದ್ದನೆಯ ಕೋಣೆ, ಗೋಡೆಗೆ ಆನಿಸಿದ ಬೆಂಚು, ಮೂರು ಕಿಟಕಿಗಳಲ್ಲಿ ಎರಡು ಮುಚ್ಚಿದ್ದವು. ತೆರೆದ ಕಿಟಕಿಯಲ್ಲಿ ನಮ್ಮ ಅತ್ತೆಯ ವಯಸ್ಸಿನ ಒಬ್ಬ ಗುಮಾಸ್ತೆ. ಕನ್ನಡಕದ ದಾರ ಕುತ್ತಿಗೆಯಲ್ಲಿ ನೇತಾಡುತ್ತಿತ್ತು, ಬಾಯಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ನಮ್ಮ ಮುಂದಿದ್ದವರಿಗೆ, "ಅಪ್ಪನ ಸಹಿ ಅಪ್ಪನೇ ಹಾಕಬೇಕು ಕಣಪ್ಪಾ, ಚಿಕ್ಕಪ್ಪ ಹಾಕಿದ್ರೆ ಮಗು ಚಿಕ್ಕಪ್ಪನದಾಗಿಬಿಡುತ್ತೆ!" ಎಂದು ಗದರಿ ಕಳಿಸಿದರು.

ನಮ್ಮ ಸರದಿ ಬಂತು. ಮಗುವನ್ನು ನೋಡಿ, "ಅಬ್ಬಾ ಕೆನ್ನೆಯೇ! ಇದಕ್ಕೆ ಹೆಸರಿಡೋಕೆ ನಲವತ್ತೆರಡು ದಿನ ಬೇಕಾಯ್ತಾ?" ಎಂದರು. ಗಂಡ ಕಾಗದ ಕೊಟ್ಟರು. ಅವರು ಕಂಪ್ಯೂಟರಿನಲ್ಲಿ ನಮ್ಮ ಹೆಸರು ಹುಡುಕಿದರು. ಹುಡುಕಿ, ಕನ್ನಡಕ ಹಾಕಿಕೊಂಡರು.

"ಇದು ಎರಡನೇದಾ?"

"ಹೂಂ" ಎಂದರು ಗಂಡ.

"ಮೊದಲನೇ ಹುಡುಗೀದು ಹೆಸರಿನ ಜಾಗ ಖಾಲಿ ಬಿಟ್ಟಿದೀರಲ್ಲ. 'ಹೆಣ್ಣು ಮಗು' ಅಂತ ಮಾತ್ರ ಇದೆ. ಏನಮ್ಮಾ ಇದು, ಎರಡು ವರ್ಷ ದಾಟಿದೆ! ಸ್ಕೂಲಿಗೆ ಸೇರಿಸುವಾಗ ಒದ್ದಾಡ್ತೀರಿ. ಬಂದಿದ್ದೀರಲ್ಲ, ಅದನ್ನೂ ಈಗಲೇ ತುಂಬಿಸಿಬಿಡಿ."

ಗಂಡ ಕಿಟಕಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರ ಉಗುರಿನ ಸುತ್ತ ನೀಲಿ ಬಣ್ಣ ಇತ್ತು.

"ಅವಳು ಸ್ಕೂಲಿಗೆ ಹೋಗಲ್ಲ" ಎಂದೆ ನಾನು. "ಹನ್ನೊಂದು ದಿನ ಇದ್ದಳು."

ನನ್ನ ದನಿ ಬಸ್ಸಿನ ಹೊತ್ತು ಹೇಳುವವರ ದನಿಯ ಹಾಗಿತ್ತು. ಗುಮಾಸ್ತೆ ಕನ್ನಡಕ ತೆಗೆದರು. ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು.

"ನೋಡಮ್ಮಾ" ಎಂದರು ಆಮೇಲೆ, ಮೆಲ್ಲಗೆ. "ಇನ್ನೊಂದು ಪುಸ್ತಕದಲ್ಲಿ ಆ ವಿಷಯ ಇರುತ್ತೆ, ನನ್ನ ಹತ್ರ ಇಲ್ಲ, ನನಗೆ ಗೊತ್ತಾಗಲಿಲ್ಲ. ತಪ್ಪು ತಿಳ್ಕೋಬೇಡಿ. ಆದ್ರೆ ನನ್ನ ಪುಸ್ತಕ ಹುಟ್ಟಿದವರದು. ಹನ್ನೊಂದು ದಿನಾನೇ ಆಗಲಿ, ಹುಟ್ಟಿದಳಲ್ಲ. ಹೆಸರು ಅಂತ ಇಟ್ಟಿದ್ರಾ?"

"ಇಟ್ಟಿದ್ವಿ."

"ಹಾಗಿದ್ರೆ ಬರೀತೀನಿ. ಬರೆಯೋದಕ್ಕೆ ಅಡ್ಡಿಯಿಲ್ಲ. ಬೇಡ ಅಂದ್ರೆ ಖಾಲಿ ಇರುತ್ತೆ. ನಿಮ್ಮಿಷ್ಟ."

ಗಂಡ ನನ್ನನ್ನು ನೋಡಿದರು. ಏನಂತೀಯಾ ಎಂದು ಈ ಸಲ ಬಾಯಲ್ಲಿ ಕೇಳಲಿಲ್ಲ. ಯಾವುದಾದರೂ ಆಗಲಿ ಎನ್ನುವ ಮಾತು ಅಭ್ಯಾಸಬಲದಿಂದ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಈಗಲೂ ಒಳಗಿನಿಂದ ನೂಕು ಏನೂ ಬರಲಿಲ್ಲ. ಬರುವ ತನಕ ಕಾಯುತ್ತ ನಿಂತರೆ ಕಿಟಕಿ ಮುಚ್ಚುತ್ತಾರೆ ಎಂದುಕೊಂಡೆ, ಅಷ್ಟೇ. ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿ, ಹೆಸರು ಹೇಳಿದೆ.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನೋಡಬೇಕು ಅನ್ನಿಸಿದವರು ನಮ್ಮ ಅಂಗಡಿಗೆ ಬನ್ನಿ, ಹಿಂದಿನ ಕೋಣೆಯಲ್ಲಿ ಐದನೆಯ ಗೂಟದ ಮೇಲೆ ಇದೆ. ಗುಮಾಸ್ತೆ ಅದನ್ನು ಒಮ್ಮೆ ತಾವೂ ಹೇಳಿಕೊಂಡು, ಒಂದೊಂದೇ ಅಕ್ಷರ ಒತ್ತಿದರು. ನಾವು ಒತ್ತುವ ಬೆರಳನ್ನೇ ನೋಡಿದೆವು. ಅವರು ಮೊದಲಕ್ಷರದಿಂದ ಶುರುಮಾಡಿದರು. ಕೊನೆಯಲ್ಲಿ 'ರಾ' ಬಂದು ಕೂತಿತು.

"ಇವಳದು?" ಎಂದರು.

ಗಂಡ, "ತಾ..." ಎಂದವರು ಅಲ್ಲೇ ನಿಂತರು.

"ನಾಳೆ ಬರ್ತೀವಿ" ಎಂದೆ.

"ನಾಳೆ ಹನ್ನೆರಡರ ಒಳಗೆ ಬನ್ನಿ. ಆಮೇಲೆ ನಾನು ಊಟಕ್ಕೆ ಹೋದ್ರೆ ಯಾರ ಅಪ್ಪನಿಗೂ ಸಿಗಲ್ಲ" ಎಂದು ಗುಮಾಸ್ತೆ ಮೂಗು ಒರೆಸಿಕೊಂಡರು.

ಅಂಗಡಿಗೆ ಬಂದಾಗ ಅತ್ತೆ, "ಆಯ್ತಾ? ತಾರಾ ಆದಳಾ ನಮ್ಮ ಡಬ್ಬಿ?" ಎಂದು ಎದ್ದು ಬಂದರು.

"ಇಲ್ಲ ಅತ್ತೆ. ಆ ಹಲಗೆ ದೊಡ್ಡವಳದು. ಅವಳ ಹೆಸರು ಬರೆಸಿ ಬಂದ್ವಿ."

ಅತ್ತೆ ನನ್ನನ್ನು ನೋಡಿದರು, ಮಗನನ್ನು ನೋಡಿದರು. ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. "ನಾನು ಹಲಗೆ ತೆಗೆದದ್ದು..." ಎಂದರು. "ಖಾಲಿ ಗೂಟ ನೋಡೋಕಾಗ್ತಿರಲಿಲ್ಲ ಕಣೇ. ಅಷ್ಟಕ್ಕೇ."

"ಗೊತ್ತು ಅತ್ತೆ."

ಗಂಡ ಅಂಗಿ ಕೂಡ ಬದಲಿಸದೆ ಹಲಗೆಯ ಮುಂದೆ ಕೂತರು. ನಡುವಿನ ಮನೆಯನ್ನು ತುಂಬಿಸಿದರು, ಆಮೇಲೆ ಮೊದಲ ಮನೆಯನ್ನು. ಹಳೆಯ ಬಿಳಿ ಸ್ವಲ್ಪ ಹಳದಿಗೆ ತಿರುಗಿತ್ತು, ಹೊಸ ಬಿಳಿ ಹೊಳೆಯುತ್ತಿತ್ತು. ಕೊನೆಯಕ್ಷರಕ್ಕೂ ಮಿಕ್ಕೆರಡಕ್ಕೂ ಎರಡು ವರ್ಷದ ವ್ಯತ್ಯಾಸ ಈಗಲೂ ಕಾಣುತ್ತದೆ. ಬಣ್ಣ ಬೆರೆಸಿ ಸರಿಮಾಡಬಹುದಿತ್ತು, ಮಾಡಲಿಲ್ಲ. ಮಾವ ಹತ್ತಿರ ಬಂದು ನಿಂತು ಹೆಸರನ್ನು ಓದಿದರು, ಬಾಯಿಬಿಟ್ಟು. ಓದಿ, "ಸರಿಯಾಗಿ ಕೂತಿದೆ" ಎಂದು ಸುತ್ತಿಗೆ ಹುಡುಕಲು ಹೋದರು.

ಆರನೆಯ ಗೂಟ ಹೊಡೆಯುವ ಸದ್ದಿಗೆ ಡಬ್ಬಿ ಎದ್ದು ಅಳತೊಡಗಿತು. "ನಿನಗೇ ಹೊಡೀತಿರೋದು, ಸುಮ್ನಿರೇ!" ಎಂದರು ಮಾವ.

ಗಂಡ ಹೊಸ ಹಲಗೆಗೆ ನೀಲಿ ಬಳಿದು ಇಟ್ಟರು. ಅದು ಒಣಗಿದಾಗ ಸಂಜೆಯಾಗಿತ್ತು. ಪೆನ್ಸಿಲು ಹಿಡಿದು, "ಎಷ್ಟು ಮನೆ?" ಎಂದರು.

"ಮೂರೇ ಹಾಕಿ. ಅಕ್ಕನ ಸಮ."

"ಕೊನೆಯದು ಯಾವುದು ಹೇಳು. ಮಿಕ್ಕಿದ್ದು ನಿಧಾನಕ್ಕೆ ನೋಡೋಣ."

ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಬೀಗದಣ್ಣನೂ ಬಂದಿದ್ದ, ಅವನ ಹೊಟ್ಟೆಯಲ್ಲಿ ಇನ್ನೂ ನಾಲ್ಕು ಹೆಸರು ಇದ್ದ ಹಾಗಿತ್ತು, ಅತ್ತೆ ಕಣ್ಣಲ್ಲೇ ಅವನ ಬಾಯಿಗೆ ಬೀಗ ಹಾಕಿದರು. ನಾನು ಎದ್ದು ಗೂಟಗಳ ಸಾಲು ನೋಡಿಕೊಂಡು ಬಂದೆ. ಐದು ಹಲಗೆ, ಐದು ಕೊನೆಯಕ್ಷರ. ಯಾರದ್ದೂ ಅಲ್ಲದ ಒಂದು ಬೇಕಿತ್ತು.

"ಲಿ" ಎಂದೆ.

"ಲಿ ಯಾಕೆ?" ಎಂದರು ಅತ್ತೆ.

"ನಮ್ಮ ಮನೇಲಿ ಯಾರದ್ದೂ ಅಲ್ಲ, ಅದಕ್ಕೆ."

ಗಂಡ ಬರೆದರು. ಮೊದಲು 'ಲ'ದ ಹೊಟ್ಟೆ, ಆಮೇಲೆ ತಲೆಯ ಮೇಲಿನ ಸುತ್ತು. ಮರುದಿನ ಬೆಳಗ್ಗೆ ಉಳಿದೆರಡು ಮನೆಗೆ ಅತ್ತೆ ಒಂದಕ್ಷರ, ಮಾವ ಒಂದಕ್ಷರ ಹುಡುಕಿ ಕೊಟ್ಟರು, ಜಗಳವಾಡಿಕೊಂಡೇ ಕೊಟ್ಟರು, ಹನ್ನೆರಡಕ್ಕೆ ಐದು ನಿಮಿಷ ಇದೆ ಎನ್ನುವಾಗ ಕಿಟಕಿ ಮುಟ್ಟಿದೆವು. ಆದರೆ ಗುರುವಾರ ಸಂಜೆ ಅದು ಬರೀ 'ಲಿ'. ಮಗುವನ್ನು ಎತ್ತಿಕೊಂಡು ನಾನು ಹಲಗೆಯ ಹತ್ತಿರ ಹೋದೆ.

"ಹಸಿಯಿದೆ, ಮುಟ್ಟಬೇಡ" ಎಂದರು ಗಂಡ.

ಅಷ್ಟರಲ್ಲಿ ಮುಟ್ಟಿಯಾಗಿತ್ತು. ಅಕ್ಷರದ ಅಂಚಿನಲ್ಲಿ ನನ್ನ ಬೆರಳಿನ ಗುರುತು ಮೂಡಿತು, ಬೆರಳಿಗೆ ಬಿಳಿ ಹತ್ತಿತು. ತಣ್ಣಗಿತ್ತು, ಬೆರಳಿಗೆ ಗೊತ್ತಾಯಿತು.